ಕರೆಯದೇ ಬರುವ ಮೇಳ

ಮೊನ್ನೆ ಪೇಪರಿನಲ್ಲಿ ನಮ್ಮ ಮೋನಿಷಾಳ ಫೋಟೋ ಬಂದಿತ್ತು. ಅರ್ಧ ಪುಟ. 'ಇಂದಿರಾನಗರದ ಕಾಫಿ ಟೇಬಲ್ಲಿನ ಮೇಲೆ ಹುಟ್ಟಿದ ಸಂಗೀತ ಕಂಪನಿ' ಅಂತ ಮೇಲೆ ದಪ್ಪ ಅಕ್ಷರ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಟೇಬಲ್ಲಂತೆ, ಟೇಬಲ್ಲು! ಆ ಟೇಬಲ್ಲಿಗೆ ನಾನೂ ಹೋಗಿದ್ದೆ ಸ್ವಾಮಿ. ಅಲ್ಲಿ ಏನೂ ಹುಟ್ಟಲಿಲ್ಲ. ಕಹಿ ಕಾಫಿ ಕುಡಿದು, ಮುಖ ಸಪ್ಪೆ ಮಾಡಿಕೊಂಡು ಎದ್ದು ಬಂದೆವು. ಬರೆದವರು ನಮ್ಮ ಊರು ಕಗ್ಗದಾಸಪುರದ ಕಡೆ ತಲೆ ಹಾಕಿಯೂ ಮಲಗಿದವರಲ್ಲ. ಹಾಗಾಗಿ ನಾನೇ ಹೇಳಬೇಕು.

ನಾನು ಸುಗತ. ನಮ್ಮಪ್ಪ ಬೌದ್ಧರಾದ ವರ್ಷ ಹುಟ್ಟಿದ್ದರಿಂದ ಆ ಹೆಸರು. ಅದಕ್ಕೂ ಮೊದಲೇ ಹುಟ್ಟಿದ ನನ್ನ ಅಕ್ಕ ಶಾಂತಕುಮಾರಿ. ಅಕ್ಕನ ಗಂಡ ಚಲುವಯ್ಯ, ಅವರಿಬ್ಬರ ಒಬ್ಬಳೇ ಮಗಳು ಮೋನಿಷಾ. ಹಗಲು ನಾನು ಹಲಸೂರಿನ ಜೋಗುಪಾಳ್ಯದಲ್ಲಿ ಆಟೋ ಸೀಟುಗಳಿಗೆ ಕವರು ಹೊಲಿಯುತ್ತೇನೆ. ಯಾರಾದರೂ ಸತ್ತ ಸುದ್ದಿ ಬಂದರೆ ಅಂಗಡಿಯ ಷಟರ್ ಎಳೆದು, ಡೋಲಕ್ ಎತ್ತಿಕೊಂಡು ಭಾವನ ಹಿಂದೆ ಹೊರಟುಬಿಡುತ್ತಿದ್ದೆ. ಭಾವ ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ಹಾಡುತ್ತಿದ್ದ, ನಾನು ಬಾರಿಸುತ್ತಿದ್ದೆ, ಹಿಂದೆ ನಾಲ್ಕಾರು ಜನ ಸೊಲ್ಲು ಎತ್ತುತ್ತಿದ್ದರು. ಮುಂದಾಳು ಒಂದು ಸಾಲು ಹಾಡಿದ ಮೇಲೆ ಹಿಂದಿನವರು ಸೇರಿ ಹಾಡುವುದಕ್ಕೆ ನಮ್ಮಲ್ಲಿ ಸೊಲ್ಲು ಅನ್ನುತ್ತಾರೆ. ಹೆಣ ಎತ್ತುವವರೆಗೂ ಹಾಡುವುದು ನಮ್ಮ ಮೇಳದ ಕೆಲಸ. ಇದು ಹೊಟ್ಟೆಪಾಡಲ್ಲ. ಭಾವ ವಿಮಾನ ಕಾರ್ಖಾನೆಯಲ್ಲಿ ಕಂಟ್ರಾಕ್ಟಿನ ಮೇಲೆ ಬಣ್ಣ ಹೊಡೆಯುತ್ತಿದ್ದವನು.

ಈ ಹಾಡಿಗೆ ಕೆಲವು ಕಟ್ಟುಗಳಿವೆ. ಅವು ಗೊತ್ತಿಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಸಾವಿನ ಮನೆಗೆ ಮೇಳವನ್ನು ಯಾರೂ ಕರೆಯುವಂತಿಲ್ಲ. ಸುದ್ದಿ ಮುಟ್ಟಿದರೆ ಸಾಕು, ತಾವಾಗಿಯೇ ಹೋಗಬೇಕು. ಮದುವೆಗೆ ನಮ್ಮನ್ನು ಕರೆಯದ ಎಷ್ಟೋ ದೊಡ್ಡ ಮನೆಗಳಿವೆ ಈ ಕಡೆ, ಆ ಮನೆಗಳಿಗೂ ನಾವು ಸಾವಿಗೆ ಹೋಗಿದ್ದೇವೆ, ಶಾಮಿಯಾನದ ಹೊರಗೇ ಚಾಪೆ ಹಾಕಿದರೂ ಕೂತು ಹಾಡಿದ್ದೇವೆ. ಇನ್ನೊಂದು, ಹಾಡಿನಲ್ಲಿ ಸತ್ತವರ ಹೆಸರು ಸೇರಿಸಬೇಕು. ಸೊಲ್ಲಿಗೆ ಮುಂಚೆ ಒಂದು ಜಾಗ ಬಿಟ್ಟಿರುತ್ತದೆ, ಅಲ್ಲಿ ಹೆಸರು ಕೂರಬೇಕು. ಹೆಸರಿಲ್ಲದೆ ಹಾಡಿದರೆ ಅದು ಯಾರಿಗೂ ಸೇರುವುದಿಲ್ಲ. ಮತ್ತೆ, ಸ್ವಂತ ಮನೆಯ ಸಾವಿಗೆ ಮನೆಯವರು ಹಾಡುವಂತಿಲ್ಲ, ಪಕ್ಕದ ಊರಿನ ಮೇಳವೇ ಬರಬೇಕು. ಮುಗಿದ ಮೇಲೆ 'ಬರ್ತೀವಿ' ಅನ್ನದೆ ಸುಮ್ಮನೆ ಎದ್ದು ಹೋಗಬೇಕು. ಹೀಗೆ ಕೆ.ಆರ್.ಪುರದವರು ನಮ್ಮ ಊರಿಗೆ, ನಾವು ಬಾಣಸವಾಡಿಗೆ, ಬಾಣಸವಾಡಿಯವರು ಹಲಸೂರಿಗೆ. ಮುಯ್ಯಿ ಇದ್ದ ಹಾಗೆ.

ಭಾವನ ಕಂಠವನ್ನು ನಾನು ಹೊಗಳಿದರೆ ಮನೆಯವನು ಹೊಗಳಿದ ಅನ್ನುತ್ತೀರಿ. ಹಾಗಾದರೆ ಕೆ.ಆರ್.ಪುರದ ಮಾರಕ್ಕನನ್ನು ಕೇಳಿ. ಸಂತೆಯಲ್ಲಿ ಸೊಪ್ಪು ಮಾರುವವಳು, ಗಂಡನ ನಂತರ ಅವನ ಮೇಳವನ್ನು ತಾನೇ ನಡೆಸುತ್ತಿರುವವಳು. ಭಾವನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಯಾವ ನುಡಿ ಮೊದಲು, ಯಾವುದು ಆಮೇಲೆ ಅಂತ ಹೆಣದ ಮುಂದೆಯೇ ಕಿತ್ತಾಡಿದವರು. ಅಂಥವಳೂ 'ಆವಯ್ಯ ಬಾಯ್ ಬಿಟ್ರೆ ಸತ್ತೋನೂ ಒಂದು ಗಳಿಗೆ ನಿಂತು ಕೇಳ್ತಾನೆ' ಅಂದಿದ್ದನ್ನು ನನ್ನ ಕಿವಿಯಿಂದ ಕೇಳಿದ್ದೇನೆ.

ಇನ್ನು ಕೊರೋನಾ ಎರಡನೇ ಅಲೆಯ ಮೇ ತಿಂಗಳು. ಹೇಳಲು ನಾಲಗೆ ಏಳುವುದಿಲ್ಲ, ಆದರೂ ಹೇಳಬೇಕು. ಅಕ್ಕನನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಮೆಟ್ಟಿಲಿಳಿದು ತಾನೇ ಹೋಗಿ ಹತ್ತಿದಳು, 'ಸಾರು ಬಿಸಿ ಮಾಡ್ಕೊಳ್ಳಿ' ಅಂತ ಹೇಳಿ. ಆಮೇಲೆ ನಾನು ನೋಡಿದ್ದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು, ಅದೂ ಚಿತಾಗಾರದ ಗೇಟಿನ ಆಚೆಯಿಂದ. ಭಾವನಿಗೂ ಜ್ವರ. ಬೀದಿಗೇ ಅಡ್ಡಗಟ್ಟೆ ಹಾಕಿದ್ದರು. ಅವನು ಅಷ್ಟನ್ನೂ ನೋಡಲಿಲ್ಲ.

ಮೇಳ ಬರಲಿಲ್ಲ. ಬರಲು ಆಗುತ್ತಲೂ ಇರಲಿಲ್ಲ ಬಿಡಿ, ರಸ್ತೆಗೆ ಇಳಿದರೆ ಲಾಠಿ. ಆದರೆ ಬೀದಿಗಳು ತೆರೆದ ಮೇಲೂ ಯಾರೂ ಬರಲಿಲ್ಲ. ದಿನಗಳು ಕಳೆದುಹೋಗಿದ್ದವು, ಈಗ ಯಾವ ಮುಖ ಹೊತ್ತು ಹೋಗುವುದು ಅಂತ ಎಲ್ಲರೂ ಸುಮ್ಮನಾದರು. ಊರೂರಿನ ಹೆಣಗಳಿಗೆ ಹಾಡಿದವನ ಹೆಂಡತಿಗೆ ಒಂದು ನುಡಿ ಇಲ್ಲ. ನನಗೇ ಹೊಟ್ಟೆ ಉರಿಯುತ್ತಿತ್ತು, ಅವನಿಗೆ ಹೇಗಾಗಿರಬೇಡ!

ಭಾವ ಅಳಲಿಲ್ಲ, ಬೈಯಲಿಲ್ಲ. ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟ. ತಿಥಿ ಮಾಡೋಣ ಅಂದರೆ, "ಹಾಡಾಗದ ಮನೇಲಿ ಸಾವಾಗಿಲ್ಲ ಕಣೋ" ಅಂದ. ಅಷ್ಟೇ. ರೇಷನ್ ಕಾರ್ಡಿನಿಂದ ಅಕ್ಕನ ಹೆಸರು ತೆಗೆಸಲು ಬಿಡಲಿಲ್ಲ. ಯಾರಾದರೂ ಕೇಳಿದರೆ 'ನಮ್ಮನೆಯವಳು ಆಸ್ಪತ್ರೆಗೆ ಹೋದ್ಲು' ಅನ್ನುತ್ತಿದ್ದ. ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಒಂದು ವರ್ಷವಾಯಿತು, ಎರಡಾಯಿತು, ಅವನ ಬಾಯಲ್ಲಿ ಅವಳು ಆಸ್ಪತ್ರೆಗೆ ಹೋದವಳೇ. ಹುಚ್ಚೇನೂ ಹಿಡಿದಿರಲಿಲ್ಲ. ತರಕಾರಿ ಚೌಕಾಸಿ ಮಾಡುತ್ತಿದ್ದ, ಪೇಪರು ಓದುತ್ತಿದ್ದ. ಆದರೆ ಆ ಒಂದು ಮಾತು ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಅದರ ಜೊತೆಗೆ ಹಾಡೂ ಸಿಕ್ಕಿಕೊಂಡಿತ್ತು.

ಮೋನಿಷಾಳ ಕಂಪನಿ ಹುಟ್ಟಿದ್ದು ಇಲ್ಲಿ. ಅಪ್ಪ ಒಂದು ಸಲ ಬಾಯಿ ಬಿಟ್ಟು 'ನಿಮ್ಮಮ್ಮ ಸತ್ತುಹೋದಳು' ಅನ್ನಬೇಕು, ಅತ್ತು ಹಗುರಾಗಬೇಕು. ಅವಳಿಗೆ ಬೇಕಿದ್ದದ್ದು ಅದೊಂದೇ. ಕಂಪನಿ ಗಿಂಪನಿ ಎಲ್ಲ ಆಮೇಲೆ.

ಆಗ ಅವಳು ಇಂದಿರಾನಗರದ ಒಂದು ಆಫೀಸಿನಲ್ಲಿದ್ದಳು. ಯಾವುದೋ ದೊಡ್ಡ ಹಾಡಿನ ಆ್ಯಪಿಗೆ ಹಾಡುಗಳನ್ನು ಕೇಳಿ ಕೇಳಿ ಲೇಬಲ್ ಹಚ್ಚುವ ಕೆಲಸ. ಖುಷಿ, ಬೇಜಾರು, ಪಾರ್ಟಿ, ಜಿಮ್, ಮಳೆ ಹೀಗೆ. "ಇದಕ್ಕೂ ಸಂಬಳ ಕೊಡ್ತಾರೇನೇ?" ಅಂತ ನಾನು ರೇಗಿಸುತ್ತಿದ್ದೆ. ಒಂದು ದಿನ ಅವಳ ಕಿವಿಗೆ ಎಲ್ಲಿಂದಲೋ ಸಾವಿನ ಮನೆಯ ಹಾಡೊಂದು ಬಂತು. ಯಾರೋ ಪುಣ್ಯಾತ್ಮರು ಫೋನಿನಲ್ಲಿ ಹಿಡಿದು ಹಾಕಿದ್ದರು. ಹಿಂದೆ ಹೆಂಗಸರ ಅಳು ಕೇಳುತ್ತಿತ್ತು. ಅವಳ ಮೇಲಿನವನು ಅದಕ್ಕೆ 'ಮನಸ್ಸಿಗೆ ನೆಮ್ಮದಿ, ಮಲಗುವ ಮುನ್ನ' ಅಂತ ಲೇಬಲ್ ಹಚ್ಚು ಅಂದನಂತೆ.

"ಸರ್, ಅಲ್ಲಿ ಜನ ಅಳ್ತಿದಾರೆ" ಅಂದಳಂತೆ ಇವಳು.

"ಬ್ಯಾಕ್‌ಗ್ರೌಂಡ್ ನಾಯ್ಸ್ ಅದು, ಇಗ್ನೋರ್ ಮಾಡಿ."

ನಮ್ಮ ಹುಡುಗಿ ಹೆಡ್‌ಫೋನ್ ತೆಗೆದು ಅವನ ಮೇಜಿನ ಮೇಲೆ ಇಟ್ಟು ಎದ್ದು ಬಂದಳು. ಅವಳ ಹಿಂದೆಯೇ ಪಕ್ಕದ ಸೀಟಿನ ಭಾರ್ಗವನೂ ಎದ್ದು ಬಂದ. ವಿಮೆ ಕಂಪನಿಯ ಕಾಲೊನಿಯ ಹುಡುಗ, ಅವರಪ್ಪ ಹಯಗ್ರೀವ ಅಂತ ರಿಟೈರ್ಡ್ ಆಫೀಸರು. ಇವನು ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವವನು. ಕೆಲಸದಲ್ಲಿ ಚುರುಕು, ಲೋಕಜ್ಞಾನದಲ್ಲಿ ಸೊನ್ನೆ. ಬಂಗಾರದಂಥ ಹುಡುಗ ಅನ್ನಿ, ಆದರೆ ಸಾವಿನ ಮನೆಗೆ ಬಂದು ಎಲ್ಲರಿಗೂ ಕೈಕುಲುಕಿ 'ನೈಸ್ ಮೀಟಿಂಗ್ ಯೂ' ಅಂದವನು!

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಹಿಟ್ಟಿನ ಗಿರಣಿಯ ಮೇಲೆ ಒಂದು ರೂಮು ಹಿಡಿದರು. ಗಿರಣಿ ಓಡುವಾಗ ರೆಕಾರ್ಡಿಂಗ್ ಇಲ್ಲ, ಕಂಪ್ಯೂಟರಿನ ಮೇಲೆಲ್ಲ ರಾಗಿ ಹಿಟ್ಟಿನ ಧೂಳು. ಹೆಸರು 'ಸೊಲ್ಲು' ಅಂತ ಇಟ್ಟರು. ನಗರದ ಪೂರ್ವ ದಿಕ್ಕಿನ ನಮ್ಮ ಊರುಗಳ ಮೇಳಗಳ ಹಾಡೆಲ್ಲ ಫೋನಿನಲ್ಲಿ ಸಿಗಬೇಕು, ಹಾಡಿದವರಿಗೆ ಹೆಸರೂ ಇರಬೇಕು, ಇದು ಲೆಕ್ಕಾಚಾರ. ರಸೆಲ್ ಮಾರುಕಟ್ಟೆಯ ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಸಕ್ಲೇನ್ ಜೊತೆಗೆ ಸೇರಿದ. ಯಾರ ಸಾವಿಗೆ ಯಾವ ಮೇಳ ಹೋಗುತ್ತದೆ ಅನ್ನುವುದು ಅವನಿಗೆ ಬೆರಳ ತುದಿಯಲ್ಲಿ. "ಅರೆ ಬೇಟಿ, ಶಾದಿಗೂ ನನ್ದೇ ಮೈಕು, ಸಾವಿಗೂ ನನ್ದೇ ಮೈಕು. ನಂಗಿಂತ ಜಾಸ್ತಿ ಯಾರ್ ಕೇಳಿದಾರೆ ಈ ಹಾಡು?" ಅಂತ ಅವನ ಜಂಬ. ಮನೆಯವರನ್ನು ಕೇಳಿ, ಒಪ್ಪಿದ ಕಡೆ ಹಾಡು ಹಿಡಿದುಕೊಂಡು ಬರುತ್ತಿದ್ದರು. ಸತ್ತವರ ಹೆಸರಿಗೆ ಒಂದೊಂದು ಪುಟ, ಆ ಪುಟದಲ್ಲಿ ಆ ಹೆಸರಿನ ಹಾಡು.

ಶುರುವಾದ ಮೇಲೆ ನೋಡಿ ಮಜಾ. ಅಯ್ಯೋ, ಬೈಗುಳವೇ ಬೈಗುಳ! ಬಾಣಸವಾಡಿಯ ಒಬ್ಬ ಯಜಮಾನ ತಂದೆಯ ತಿಥಿಯ ದಿನ ನೆಂಟರನ್ನೆಲ್ಲ ಕೂರಿಸಿ ಹಾಡು ಹಾಕಿದ್ದಾನೆ. ಅಪ್ಪನ ಹಾಡು ಮುಗಿಯಿತು, ಮರುಕ್ಷಣವೇ ಆ್ಯಪು ತಾನೇ ಮುಂದಿನ ಹಾಡಿಗೆ ಹಾರಿದೆ. ಯಾರೋ ಕೆಂಪಮ್ಮನ ಹೆಸರು. ಫೋನ್ ಮಾಡಿ, "ನಮ್ಮಪ್ಪನ ಎಡೆ ಮುಂದೆ ಯಾವಳ್ರೀ ಅವಳು ಕೆಂಪಮ್ಮ? ನಮ್ಮಮ್ಮ ಎದ್ದು ಒಳಗೋದ್ರು!" ಅಂತ ಕಿರುಚಾಡಿದ. ಅದನ್ನು ಸರಿಮಾಡುವಷ್ಟರಲ್ಲಿ ಇನ್ನೊಂದು. ಆ್ಯಪು ಮುಚ್ಚಿದವರಿಗೆಲ್ಲ ಭಾರ್ಗವ ಒಂದು ಮೆಸೇಜು ಹೋಗುವ ಹಾಗೆ ಮಾಡಿದ್ದ: 'ಮತ್ತೆ ಬೇಗ ಬನ್ನಿ! ನಿಮ್ಮ ಮನೆಗೆ ಹೊಸ ಹಾಡು ಕಾದಿದೆ!' ಸಾವಿನ ಮನೆಯ ಮೇಳ ಹೇಳುವ ಮಾತೇ ಇದು? ಹಲಸೂರಿನ ಒಬ್ಬ ಮುದುಕಿ ಆ ಮೆಸೇಜು ಓದಿಸಿ ಕೇಳಿ ಮೂರು ದಿನ ಜ್ವರ ಹಿಡಿದು ಮಲಗಿದಳು.

"ಲೋ ಭಾರ್ಗವ, ನಿನ್ ಕೈಗೆ ಬೆಂಕಿ ಬೀಳ" ಅಂದೆ ನಾನು.

"ಸಾರಿ ಅಂಕಲ್, ಎಲ್ಲಾ ಆ್ಯಪಲ್ಲೂ ಹಂಗೇ ಇರತ್ತೆ" ಅಂದ, ಪಾಪ. ಮೋನಿಷಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಹೊರಟು ಆ ಮುದುಕಿಯ ಮನೆಗೆ ಹೋಗಿ, ಹಾಸಿಗೆಯ ಪಕ್ಕ ಕೂತು, ಗಂಜಿ ಕುಡಿಸಿ ಬಂದಳು.

ಪೇಪರಿನವರ ಆ ಕಾಫಿ ಟೇಬಲ್ಲು ಬಂದದ್ದು ಈ ಹೊತ್ತಿನಲ್ಲಿ. ಬಂಡವಾಳ ಹಾಕುವ ಹುಡುಗನೊಬ್ಬ ಇಂದಿರಾನಗರದಲ್ಲಿ ಕರೆದಿದ್ದ. ಮೇಳದ ಕಡೆಯಿಂದ ಒಬ್ಬರಿರಲಿ ಅಂತ ನನ್ನನ್ನೂ ಎಳೆದುಕೊಂಡು ಹೋದಳು. ಅವನು ಚೆನ್ನಾಗಿಯೇ ಕೇಳಿಸಿಕೊಂಡ. ಆಮೇಲೆ, "ಒಂದು ಹಾಡನ್ನ ಒಂದು ಫ್ಯಾಮಿಲಿ ಮಾತ್ರ ಕೇಳೋದು ಅಂದ್ರೆ ಹೇಗೆ ಮೇಡಂ? ಗ್ರೋತ್ ಎಲ್ಲಿಂದ ಬರತ್ತೆ?" ಅಂದ.

ನನಗೆ ತಡೆಯಲಾಗಲಿಲ್ಲ. "ಜನ ಸಾಯೋದೇನೂ ನಿಂತಿಲ್ವಲ್ಲಪ್ಪ" ಅಂದುಬಿಟ್ಟೆ. ಮೋನಿಷಾ ಟೇಬಲ್ಲಿನ ಕೆಳಗೆ ನನ್ನ ಕಾಲು ತುಳಿದಳು. ಆ ಹುಡುಗ ಮುಖ ಹುಳ್ಳಗೆ ಮಾಡಿಕೊಂಡು 'ತುಂಬ ಡಿಪ್ರೆಸಿಂಗ್ ಇದೆ' ಅಂದು, ಬಿಲ್ಲು ಕೊಟ್ಟು ಎದ್ದ. ದಾರಿಯಲ್ಲಿ ಅವಳು ನನ್ನ ಜೊತೆ ಮಾತಾಡಲಿಲ್ಲ. ಸಿಗ್ನಲ್ಲಿನಲ್ಲಿ ಇದ್ದಕ್ಕಿದ್ದ ಹಾಗೆ ಒಬ್ಬಳೇ ನಗಲು ಶುರುಮಾಡಿದಳು, ಆಮೇಲೆ ನಾನೂ ನಕ್ಕೆ.

ಕಂಪನಿಯನ್ನು ಉಳಿಸಿದ್ದು ಬಂಡವಾಳವಲ್ಲ, 'ಸುದ್ದಿ' ಅನ್ನುವ ಒಂದು ಏರ್ಪಾಡು. ಊರುಗಳು ಈಗ ಅಪಾರ್ಟ್‌ಮೆಂಟುಗಳ ನಡುವೆ ಎಲ್ಲೆಲ್ಲೋ ಹರಿದು ಹೋಗಿವೆ. ಯಾರು ಸತ್ತರೂ ಪಕ್ಕದ ಬೀದಿಗೇ ಗೊತ್ತಾಗುವುದಿಲ್ಲ, ಇನ್ನು ಮೇಳಕ್ಕೆ ಹೇಗೆ ಗೊತ್ತಾಗಬೇಕು? ಸಕ್ಲೇನನೇ ಹೇಳಿದ್ದು: "ಹಾಡು ಆಮೇಲೆ ಬೇಟಿ, ಮೊದ್ಲು ಖಬರ್ ಹೋಗ್ಲಿ." ಮನೆಯವರು ಸತ್ತವರ ಹೆಸರಿನ ಪುಟ ತೆರೆದು ದಿನ ತುಂಬಿದರೆ ಸಾಕು, ಸುತ್ತಲಿನ ಮೇಳದವರ ಫೋನುಗಳಿಗೆಲ್ಲ ಸುದ್ದಿ ಮುಟ್ಟುತ್ತದೆ. ಕರೆಯುವುದಲ್ಲ, ಸುದ್ದಿ ಅಷ್ಟೆ. ಕಟ್ಟು ಮುರಿಯಲಿಲ್ಲ ನೋಡಿ! ಮೇಳಗಳು ಮತ್ತೆ ಓಡಾಡತೊಡಗಿದವು. ಹಾಡುಗಳು ತಾವಾಗಿ ಬರತೊಡಗಿದವು. ಮನೆಯವರು ವರ್ಷಕ್ಕೊಮ್ಮೆ ತಿಥಿಗೆ ತಮ್ಮವರ ಹಾಡು ಕೇಳಿ, ಕೈಲಾದದ್ದು ಕೊಟ್ಟರು. ಅದರಲ್ಲೇ ಗಿರಣಿಯ ಮೇಲಿನ ಬಾಡಿಗೆ ನಡೆಯಿತು. ಮಾರಕ್ಕನೂ ಒಂದು ಫೋನು ಕೊಂಡಳು, ಸೊಪ್ಪಿನ ಬುಟ್ಟಿಯಲ್ಲೇ ಇಟ್ಟುಕೊಂಡು ಕೂರುತ್ತಿದ್ದಳು.

ಆದರೆ ಮನೆಯಲ್ಲಿ? ಭಾವ ಹಾಗೆಯೇ ಇದ್ದ. ಮಗಳು ಊರಿಗೆಲ್ಲ ಮೇಳ ಕಳಿಸುತ್ತಾಳೆ, ತನ್ನ ತಾಯಿಗೆ ಮಾತ್ರ ಕಳಿಸಲಾರಳು. ಒಂದು ಸಂಜೆ ನನ್ನ ಮುಂದೆಯೇ ಕೇಳಿದಳು.

"ಅಪ್ಪಾ, ಮಾರಕ್ಕಂಗೆ ಒಂದ್ ಮಾತ್ ಹೇಳ್ತೀನಿ. ಬಂದ್ ಹಾಡ್ತಾರೆ. ಅಮ್ಮಂಗೂ ಆಗ್ಬೇಕಲ್ವಾ?"

"ನೀನು ಹೇಳಿ, ಅವ್ರು ಬಂದು ಹಾಡಿದ್ರೆ ಅದು ಆರ್ಕೆಸ್ಟ್ರಾ" ಅಂದ ಭಾವ, ಪೇಪರಿನಿಂದ ಕಣ್ಣೆತ್ತದೆ. "ತಾವಾಗೇ ಬರ್ಬೇಕು. ಬರ್ಲಿಲ್ಲ. ಬಿಡು."

"ಲಾಕ್‌ಡೌನ್ ಇತ್ತಪ್ಪ."

"ನಂಗ್ ಗೊತ್ತಿಲ್ವಾ ಲಾಕ್‌ಡೌನ್ ಇತ್ತು ಅಂತ? ಅವಳಿಗ್ ಗೊತ್ತಿತ್ತಾ?"

ಮೋನಿಷಾ ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು, ನೀರಿನ ಸದ್ದಿನಲ್ಲಿ ಕೇಳಿಸದಿರಲಿ ಅಂತ. ಭಾವನಿಗೆ ಕೇಳಿಸದೆ ಇರುತ್ತದೆಯೇ? ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತ ಕೂತಿದ್ದ, ಹಾಳು ಮೊಂಡ. ನನಗೆ ಆ ಕ್ಷಣ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ಮಾತು ಬೈಯೋಣ ಅಂತ ಬಾಯಿ ತೆರೆದೆ. ಅವನ ಮುಖ ನೋಡಿದ ಮೇಲೆ ಆಗಲಿಲ್ಲ.

ಇನ್ನು ಆ ಭಾನುವಾರ. ಸೊಲ್ಲು ಶುರುಮಾಡುವಾಗ ಮೋನಿಷಾ ಎಲ್ಲಕ್ಕಿಂತ ಮೊದಲು ತೆರೆದದ್ದು ತಾಯಿಯ ಹೆಸರಿನ ಪುಟ. ಅದರಲ್ಲಿ ಹಾಡಿರಲಿಲ್ಲ, ದಿನವನ್ನೂ ತುಂಬಿರಲಿಲ್ಲ. ಅಪ್ಪ ಒಪ್ಪದ ದಿನವನ್ನು ತಾನು ಹೇಗೆ ಹಾಕಲಿ ಅಂತ ಹಾಗೇ ಬಿಟ್ಟಿದ್ದಳು. ನಮ್ಮ ಭಾರ್ಗವ ಮಹಾಶಯ ಹಿಂದಿನ ದಿನ ಏನೋ ರಿಪೇರಿ ಮಾಡಿ, ದಿನ ಖಾಲಿ ಇದ್ದರೆ ಇವತ್ತಿನದೇ ತುಂಬಿಕೊಳ್ಳಲಿ ಅಂತ ಬರೆದುಬಿಟ್ಟಿದ್ದಾನೆ. ಇದ್ದ ಪುಟಗಳಲ್ಲೆಲ್ಲ ಖಾಲಿ ಇದ್ದದ್ದು ಅದೊಂದೇ. ಬೆಳಿಗ್ಗೆ ನಾನು ಟೀ ಅಂಗಡಿಯ ಮುಂದೆ ನಿಂತಿದ್ದೇನೆ, ಜೇಬಿನಲ್ಲಿ ಫೋನು ಟಿಣ್ ಅಂತು. ತೆಗೆದು ನೋಡಿದರೆ: 'ಸುದ್ದಿ. ಶಾಂತಕುಮಾರಿ, ಗಂಡ ಚಲುವಯ್ಯ, ಕಗ್ಗದಾಸಪುರ. ಇಂದು ತೀರಿಕೊಂಡರು.'

ನನ್ನ ಅಕ್ಕ ನಾಲ್ಕು ವರ್ಷದ ಹಿಂದೆ ಸತ್ತವಳು ಅಂತ ನನಗೆ ಗೊತ್ತಿಲ್ಲವೇ? ಆದರೂ ಓದಿದ ಕೂಡಲೇ ಆಗಷ್ಟೇ ಹೋದಳೋ ಅನ್ನಿಸಿತು.

ಓಡಿ ಹೋದೆ. ಮೋನಿಷಾ ಮನೆಯ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. "ಮಾಮಾ, ಎಲ್ರಿಗೂ ಹೋಗ್ಬಿಟ್ಟಿದೆ. ಕೆ.ಆರ್.ಪುರ, ಬಾಣಸವಾಡಿ, ಹಲಸೂರು, ಎಲ್ಲಾ. ಅಪ್ಪಂಗ್ ಗೊತ್ತಾದ್ರೆ ನನ್ ಮುಖ ನೋಡಲ್ಲ" ಅಂದಳು. ಭಾರ್ಗವ ಆ ಕಡೆಯಿಂದ ಫೋನಿನಲ್ಲಿ ಸಾರಿ ಸಾರಿ ಅಂತ ಬಡಬಡಿಸುತ್ತಿದ್ದ. ಇಬ್ಬರೂ ಸೇರಿ ಇನ್ನೊಂದು ಮೆಸೇಜು ಕಳಿಸಿದರು: 'ತಪ್ಪು ಸುದ್ದಿ ಹೋಗಿದೆ, ದಯವಿಟ್ಟು ಕ್ಷಮಿಸಿ.' ನನ್ನ ಫೋನಿಗೂ ಅದು ಬಂತು. ಸದ್ಯ, ಮುಗಿಯಿತು ಅಂದುಕೊಂಡೆವು. ಭಾವ ಒಳಗೆ ಸ್ನಾನ ಮಾಡುತ್ತಿದ್ದ, ಅವನಿಗೆ ಇದು ಯಾವುದೂ ಗೊತ್ತಿಲ್ಲ.

ಬಿಸಿಲು ಏರಿದ ಮೇಲೆ ಬೀದಿಯ ತುದಿಯಲ್ಲಿ ಒಂದು ಟೆಂಪೋ ನಿಂತಿತು. ಭಾವ ಬನಿಯನ್ನಿನಲ್ಲಿ ಬಾಗಿಲ ಬಳಿ ಕೂತು ಪೇಪರು ಓದುತ್ತಿದ್ದ. ಟೆಂಪೋದಿಂದ ಮೊದಲು ಪೆಟ್ಟಿಗೆ ಇಳಿಯಿತು, ಆಮೇಲೆ ತಾಳ, ಡೋಲಕ್, ಅದರ ಹಿಂದೆ ಮಾರಕ್ಕ, ಅವಳ ಮೇಳ. ಭಾವ ಕನ್ನಡಕ ಮೇಲೆ ಮಾಡಿ ನೋಡಿದ.

"ಯಾರ ಮನೆಗ್ ಬಂದ್ರಿ?" ಅಂತ ಕೇಳಿದ. "ಈ ಬೀದೀಲಿ ಯಾರೂ ಹೋದ ಹಂಗಿಲ್ವಲ್ಲ."

ಮಾರಕ್ಕ ಮೆಟ್ಟಿಲ ಹತ್ತಿರ ನಿಂತಳು. "ನಿಮ್ ಮನೆಗೇ ಕಣಯ್ಯಾ."

ಮೋನಿಷಾ ಮಧ್ಯೆ ಓಡಿ ಹೋದಳು. "ಮಾರಕ್ಕಾ, ಅದು ತಪ್ಪಾಗಿ ಹೋಗಿತ್ತು, ಆಮೇಲೆ ಇನ್ನೊಂದು ಕಳಿಸಿದ್ವಲ್ಲ, ನೋಡ್ಲಿಲ್ವಾ?"

"ನೋಡ್ದೆ. ನನ್ ಮೊಮ್ಮಗಳು ಓದಿ ಹೇಳಿದ್ಲು" ಅಂದಳು ಮಾರಕ್ಕ. "ಮೊದಲ್ನೇದ್ರಲ್ಲಿ ಸುಳ್ಳೇನೈತೆ? ಶಾಂತಕುಮಾರಿ ತೀರ್ಕೊಂಡಿರೋದು ನಿಜ ತಾನೆ? ನಮಗ್ ಸುದ್ದಿ ಬರೋದು ತಡ ಆಯ್ತು. ಬಂತು, ಬಂದ್ವಿ."

ಭಾವ ಎದ್ದು ನಿಂತ. ಈಗ ಏನಾದರೂ ಅನ್ನುತ್ತಾನೆ, ಬೈದು ಓಡಿಸುತ್ತಾನೆ ಅಂದುಕೊಂಡೆ. ಮಾರಕ್ಕನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಸಾವಿನ ಮನೆಯವನು 'ಬನ್ನಿ' ಅನ್ನುವಂತಿಲ್ಲ. ಅವನು ಅನ್ನಲಿಲ್ಲ. ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಅಷ್ಟೆ.

ಅವರು ಒಳಗೆ ಬಂದು ಕೂತರು. ಹಲಸೂರಿನವರೂ ಬಂದರು, ಬಾಣಸವಾಡಿಯವರೂ ಬಂದರು. ಇವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿಕೊಂಡು ಬಂದರೋ, ತಾವಾಗಿ ಬಂದರೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ. ಸಕ್ಲೇನ್ ಬಂದು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ. ಅವತ್ತು ಅವನು ಮೈಕು ತಂದಿರಲಿಲ್ಲ. ಭಾರ್ಗವ ಗೋಡೆಗೆ ಒರಗಿ ಅಪರಾಧಿಯ ಹಾಗೆ ತಲೆ ತಗ್ಗಿಸಿದ್ದ, ಈ ಸಲ ಯಾರಿಗೂ ಕೈ ಕುಲುಕಲಿಲ್ಲ. ಹಜಾರದ ಮೂಲೆಯಲ್ಲಿ ಅಕ್ಕನ ಹೊಲಿಗೆ ಮೆಷಿನ್ ಇತ್ತು, ತಿಪ್ಪಸಂದ್ರದ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟ ಮೆಷಿನ್. ಮಾರಕ್ಕ ಅದರ ಮೇಲೆ ದೀಪ ಇಡಲು ಹೇಳಿದಳು. ಭಾವನೇ ಎದ್ದು ಹೋಗಿ ದೀಪ ತಂದ. ಬತ್ತಿ ಹೊತ್ತಿಸಲು ಮೂರು ಕಡ್ಡಿ ಗೀರಬೇಕಾಯಿತು.

ನಾನು ಎಂದಿನ ಹಾಗೆ ಡೋಲಕ್ಕಿನ ಹತ್ತಿರ ಕೂರಲು ಹೋದೆ. ಮಾರಕ್ಕ ಕಣ್ಣು ಬಿಟ್ಟಳು. "ನೀನು ಮನೆಯೋನು. ಆ ಕಡೆ ಕೂತ್ಕೋ." ಹೋಗಿ ಭಾವನ ಪಕ್ಕ ಕೂತೆ. ಇಷ್ಟು ವರ್ಷ ಆ ಕಡೆಯಿಂದ ಮನೆಯವರನ್ನು ನೋಡುತ್ತಿದ್ದವನು ನಾನು. ಈ ಕಡೆ ಕೂತರೆ ಏನಾಗುತ್ತದೆ ಅಂತ ಅವತ್ತೇ ತಿಳಿದದ್ದು.

ಮಾರಕ್ಕನ ಗಂಟಲು ಭಾವನದರ ಹಾಗಲ್ಲ, ಸಂತೆಯಲ್ಲಿ ಕೂಗಿ ಕೂಗಿ ಒಡೆದ ಗಂಟಲು. ಕಣ್ಣು ಮುಚ್ಚಿ ಎತ್ತಿಕೊಂಡಳು:

"ಕದವ ತೆರೆದಿಟ್ಟು ಹೋದೆಯಲ್ಲೇ, ಶಾಂತಕುಮಾರೀ,
ಒಲೆಯ ಉರಿಸಿಟ್ಟು ಹೋದೆಯಲ್ಲೇ."

ಹಿಂದಿನವರು ಸೊಲ್ಲು ಎತ್ತಿದರು. ಮೂರು ಊರಿನ ಮೇಳ ಆ ಸಣ್ಣ ಹಜಾರದಲ್ಲಿ. ಆ ಹೆಸರನ್ನು ಯಾರೂ ಗಟ್ಟಿಯಾಗಿ ಹೇಳಿ ಎಷ್ಟೋ ಕಾಲವಾಗಿತ್ತು. ಪ್ರತಿ ನುಡಿಗೂ ಹೆಸರು ಬಂತು, ಪ್ರತಿ ಸಲವೂ ಭಾವನ ಮೈ ಒಮ್ಮೆ ಕದಲಿತು. ಮೋನಿಷಾ ಅಪ್ಪನ ಹಿಂದೆ ಗೋಡೆಗೆ ಮುಖ ಒತ್ತಿಕೊಂಡು ನಿಂತಿದ್ದಳು. ಭಾರ್ಗವ ಅವಳ ಹತ್ತಿರ ಹೋಗಿ ಮೆಲ್ಲಗೆ, "ರೆಕಾರ್ಡ್ ಮಾಡ್ಲಾ?" ಅಂದ.

"ಬೇಡ ಕಣೋ" ಅಂದಳು. "ಇದು ಅಮ್ಮಂದು."

ನಾಲ್ಕನೆಯ ನುಡಿಗೆ ಬಂದಾಗ ಮಾರಕ್ಕ ತಡವರಿಸಿದಳು. ಮುಂದಿನ ಸಾಲು ಅವಳಿಗೆ ಮರೆತಿತ್ತು. ಆ ಸಾಲು ಭಾವನಿಗೆ ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದೆ. ಎಲ್ಲರೂ ಅವನ ಕಡೆ ನೋಡಿದರು. ಅವನು ತುಟಿ ಕಚ್ಚಿಕೊಂಡು ತಲೆ ಬಗ್ಗಿಸಿದ. ಅವನು ಮನೆಯವನು, ಹೇಳಿಕೊಡುವಂತಿಲ್ಲ. ಮಾರಕ್ಕ ಮೊದಲ ಸಾಲನ್ನೇ ಮತ್ತೆ ಹಿಡಿದು ದಾಟಿಸಿದಳು, ಮೇಳ ಅದನ್ನೇ ಎತ್ತಿಕೊಂಡಿತು.

ಮುಗಿಯಿತು. ಯಾರೂ ಒಂದು ಲೋಟ ನೀರು ಕೇಳಲಿಲ್ಲ. ಒಬ್ಬೊಬ್ಬರಾಗಿ ಎದ್ದರು, ಪೆಟ್ಟಿಗೆ ಮುಚ್ಚಿದರು, ಹಿಂದಿರುಗಿ ನೋಡದೆ ಮೆಟ್ಟಿಲಿಳಿದರು. ಮಾರಕ್ಕನೂ ಹಾಗೇ ಹೋದಳು. ಇವನ ಜೊತೆ ಅಷ್ಟು ವರ್ಷ ಜಗಳ ಕಾದವಳು ಒಂದು ಮಾತೂ ಆಡದೆ ಹೋದಳು. ಸಕ್ಲೇನ್ ಭಾರ್ಗವನನ್ನೂ ಕರೆದುಕೊಂಡು ಅವರ ಹಿಂದೆಯೇ ಇಳಿದ. ಟೆಂಪೋ ತಿರುಗಿಸಿಕೊಂಡು ಹೋದ ಸದ್ದು ಕೇಳಿಸಿತು. ಹಜಾರದಲ್ಲಿ ನಾವು ಮೂವರೇ ಉಳಿದೆವು, ಚಾಪೆಗಳು ಹಾಸಿದಂತೆಯೇ ಇದ್ದವು.

ಭಾವ ದೀಪವನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ. ಆ ಕೈ ತಣ್ಣಗಿತ್ತು. ನನಗೆ ಹೊಸದಾಗಿ ಸುದ್ದಿ ಹೇಳುವವನ ಹಾಗೆ, ಮೆಲ್ಲಗೆ ಹೇಳಿದ.

"ಸುಗತಾ, ನಿಮ್ಮಕ್ಕ ಸತ್ತೋದ್ಲು ಕಣೋ."

"ಹೂಂ ಭಾವ" ಅಂದೆ. "ಸತ್ತೋದ್ಲು."

ಮೋನಿಷಾ ಬಂದು ಅಪ್ಪನ ಮಡಿಲಿಗೆ ಬಿದ್ದಳು. ಅವನು ಅವಳ ತಲೆಯ ಮೇಲೆ ಮುಖವಿಟ್ಟು ಅಳಲು ಶುರುಮಾಡಿದ.